ಏಳನೆಯ ಸ್ಲ್ಯಾಬಿನ ಬಿಸಿಲು

೧೯೯೧ರ ಫೆಬ್ರುವರಿಯ ಒಂದು ಶುಕ್ರವಾರ ಸಂಜೆ ನಾನು ಬೆಂಗಳೂರಿನಲ್ಲಿ ಮುಂಬಯಿಯ ರೈಲು ಹತ್ತಿದೆ. ಆಗ ಮೈಸೂರಿನ ಒಂದು ಮಹಿಳಾ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ರಜೆ ಸಿಕ್ಕಾಗ ಹೆಗ್ಗಡದೇವನಕೋಟೆಯ ಕಡೆ ಕಾಡಂಚಿನ ಬುಡಕಟ್ಟು ಜನರ ಹಾಡಿಗಳಲ್ಲಿ ಕೆಲಸ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆಗೆ ಕೈಲಾದ ಸಹಾಯ ಮಾಡುತ್ತಿದ್ದೆ. ಆ ಹಾಡಿಗಳಿಗೆ ಕರೆಂಟಿನ ಕಂಬ ಬಂದಿರಲಿಲ್ಲ, ಹತ್ತಿರದಲ್ಲಿ ಬರುವ ಹಾಗೂ ಕಾಣುತ್ತಿರಲಿಲ್ಲ. ಬಿಸಿಲಿನಿಂದ ಉರಿಯುವ ಲಾಟೀನುಗಳನ್ನು ಮುಂಬಯಿಯ ಒಂದು ಸೇವಾಸಂಸ್ಥೆ ಗೋರೆಗಾಂವ್‌ನ ಕೂಲಿಗಾರರ ಗುಡಿಸಲುಗಳಿಗೆ ಕೊಟ್ಟಿದೆಯೆಂದೂ, ಅವು ಹೇಗೆ ನಡೆಯುತ್ತಿವೆ ಎಂದು ನೋಡಿಕೊಂಡು ಬಂದರೆ ನಮ್ಮ ಹಾಡಿಗಳಿಗೂ ತರಿಸಬಹುದೆಂದೂ ಸಂಸ್ಥೆಯವರು ಹೇಳಿದರು. ಒಂದು ವಾರದ ರಜೆ ಹಾಕಿದೆ. ಚೀಲದಲ್ಲಿ ನಾಲ್ಕು ಸೀರೆ, ನನ್ನ ಸ್ವಂತದ ಮಲ್ಟಿಮೀಟರು, ಮುಂಬಯಿಯವರೇ ಕಳಿಸಿದ್ದ ಎರಡು ಪುಟದ ಒಂದು ಫಾರಂ ಇದ್ದವು. ಆ ಫಾರಮ್ಮಿನಲ್ಲಿ ಹದಿನಾರು ಪ್ರಶ್ನೆಗಳು. ಮೊದಲನೆಯದು: ಉಪಕರಣಗಳು ಕೊಟ್ಟ ಸ್ಥಳದಲ್ಲೇ ಇವೆಯೇ?

ಮರುದಿನ ಬೆಳಗಾದಾಗ ಗಾಡಿ ಗುಲ್ಬರ್ಗದ ಹತ್ತಿರವಿತ್ತು. ಕಿಟಕಿಯ ಹೊರಗೆ ಕರಿಮಣ್ಣಿನ ಹೊಲ, ಕೊಯ್ಲಾದ ಜೋಳದ ಕೂಳೆ. ಗುಲ್ಬರ್ಗದಲ್ಲಿ ನಮ್ಮ ಡಬ್ಬಿಯ ಹಿಂದಿನ ಜನರಲ್ ಡಬ್ಬಿಗೆ ಗಂಟು ಮೂಟೆ, ಸಲಿಕೆ, ಕಬ್ಬಿಣದ ಬುಟ್ಟಿಗಳ ಸಮೇತ ನಲವತ್ತು ಐವತ್ತು ಜನ ಏರಿದರು. ಅವರೆಲ್ಲ ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೊರಟವರೆಂದು ಎದುರು ಸೀಟಿನ ಹಿರಿಯರೊಬ್ಬರು ಹೇಳಿದರು. ಸೊಲ್ಲಾಪುರದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಂಡು ತಿಂದೆ. ಪುಣೆ ದಾಟಿದ ಮೇಲೆ ಘಾಟಿಯ ಸುರಂಗಗಳು, ಆಮೇಲೆ ಕಲ್ಯಾಣದಿಂದ ಆಚೆಗೆ ಬಿಡುವಿಲ್ಲದ ಮನೆಗಳು. ದಾದರ್‌ನಲ್ಲಿ ಇಳಿದಾಗ ಸಂಜೆ ಏಳು ದಾಟಿತ್ತು.

ಸ್ಟೇಷನ್ನಿಗೆ ನಾಗರಾಜಣ್ಣ ಬಂದಿದ್ದ. ನನ್ನ ದೊಡ್ಡಮ್ಮನ ಮಗ. ಚೆಂಬೂರಿನ ಹತ್ತಿರದ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಕೆಲಸ. ಟ್ಯಾಕ್ಸಿಯಲ್ಲಿ ಕೂತ ಮೇಲೆ ಬಂದ ಕೆಲಸವೇನೆಂದು ಕೇಳಿದ. ಹೇಳಿದೆ.

"ಕೊಲ್ಲಿಯಲ್ಲಿ ಯುದ್ಧ ನಡೀತಿರೋ ಹೊತ್ತಿಗೆ ಸರಿಯಾಗಿ ಬಂದಿದೀಯ" ಎಂದ. "ಸೀಮೆಎಣ್ಣೆ ಕ್ಯೂ ನೋಡಿದ್ರೆ ನನಗೇ ನಾಚಿಕೆಯಾಗುತ್ತೆ. ನಾವು ದಿನಾ ತಯಾರಿಸೋದು ಅದನ್ನೇ. ನಮ್ಮ ಗೇಟಿನ ಎದುರಿಗೇ ಜನ ಡಬ್ಬ ಹಿಡ್ಕೊಂಡು ನಿಂತಿರ್ತಾರೆ."

ಚೆಂಬೂರಿನಲ್ಲಿ ಅವನದು ನಾಲ್ಕನೆಯ ಮಾಳಿಗೆಯ ಮನೆ, ಲಿಫ್ಟ್ ಇಲ್ಲ. ವಿಮಲಾ ಅತ್ತಿಗೆ ಸಾರು, ಹುರುಳಿಕಾಯಿ ಪಲ್ಯ ಮಾಡಿಟ್ಟಿದ್ದರು. ಒಳಗಿನಿಂದ ಅವರ ಮಗಳು ಬಂದು, "ಅತ್ತೆ, ನಿಮ್ಮ ಟ್ರೇನ್... ಲೇಟ್ ಥಾ ಕ್ಯಾ?" ಎಂದು ಅರ್ಧ ಹಿಂದಿಯಲ್ಲಿ ಕೇಳಿ ತಾನೇ ನಕ್ಕಳು.

ಭಾನುವಾರ ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ಚೆಂಬೂರಿನ ಮೇಲೆ ಮಬ್ಬು ಕವಿದಿತ್ತು. ಅದು ಮಂಜೋ ಹೊಗೆಯೋ ತಿಳಿಯಲಿಲ್ಲ. ಹತ್ತು ಗಂಟೆಯವರೆಗೂ ಸೂರ್ಯ ತಾಮ್ರದ ತಟ್ಟೆಯ ಹಾಗೆ ಮಂಕಾಗಿದ್ದ. ಅಡುಗೆಮನೆಯ ಮೂಲೆಯಲ್ಲಿ ಒಂದು ಸೂಟ್‌ಕೇಸಿನಂಥ ಪೆಟ್ಟಿಗೆ ಕಂಡು ತೆರೆದೆ. ಒಳಗೆ ಈರುಳ್ಳಿ, ಬೆಳ್ಳುಳ್ಳಿ ತುಂಬಿತ್ತು. ಮುಚ್ಚಳದ ಒಳಬದಿಯಲ್ಲಿ ಕನ್ನಡಿ. ಅದು ಸೋಲಾರ್ ಕುಕ್ಕರು.

"ಸರ್ಕಾರ ಕಡಿಮೆ ದರಕ್ಕೆ ಕೊಡ್ತು ಅಂತ ನಿಮ್ಮಣ್ಣ ತಂದ್ರು" ಎಂದರು ಅತ್ತಿಗೆ. "ಅನ್ನ ಬೇಳೆ ಚೆನ್ನಾಗೇ ಬೇಯ್ತಿತ್ತು ಸುಮಿತ್ರಾ, ಸುಳ್ಳು ಹೇಳಬಾರದು. ಆದ್ರೆ ನಮ್ಮ ಬಾಲ್ಕನಿಗೆ ಬಿಸಿಲು ಬರೋದಿಲ್ಲ. ಟೆರೇಸಿಗೆ ಹೋಗಬೇಕು. ಟೆರೇಸ್ ಕೀ ಸೆಕ್ರೆಟರಿ ಹತ್ರ. ಅವರು ಪೂಜೆ ಮುಗಿಸಿ ಕೀ ಕೊಡೋ ಹೊತ್ತಿಗೆ ಇವರ ಊಟದ ಡಬ್ಬ ಹೋಗಾಗಿರತ್ತೆ."

ನಾನು ನಕ್ಕೆ. ಅದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಾದ ಮಾತೆಂದು ಆಗ ಅನ್ನಿಸಲಿಲ್ಲ.

ಸೋಮವಾರ ಲಾಟೀನು ಕೊಟ್ಟ ಸಂಸ್ಥೆಯ ಕಚೇರಿಗೆ ಹೋದೆ. ಅದು ಮಾಟುಂಗದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ದಾರಿ, ಒಂದು ಉಡುಪಿ ಹೋಟೆಲಿನ ಮೇಲಿನ ಎರಡು ಕೋಣೆ. ಎಂಜಿನಿಯರ್ ಪ್ರಭು ಎಂಬವರು ಅದರ ಉಸ್ತುವಾರಿ. ಕಾರ್ಕಳದ ಕಡೆಯವರು, ಐವತ್ತರ ಆಸುಪಾಸು, ತೆಳ್ಳಗೆ ಉದ್ದಕ್ಕೆ ಇದ್ದರು. ಒಂದು ಕಂಪನಿಯ ನೌಕರಿ ಬಿಟ್ಟು ಅರ್ಧ ಸಂಬಳಕ್ಕೆ ಇಲ್ಲಿಗೆ ಬಂದಿದ್ದರು. ಮೇಜಿನ ಮೇಲೆ ಬಿಚ್ಚಿಟ್ಟ ಲಾಟೀನನ್ನು ತೋರಿಸಿ ಪ್ರತಿ ಭಾಗವನ್ನೂ ವಿವರಿಸಿದರು. ಕೆಳಗೆ ಸೀಲು ಮಾಡಿದ ಬ್ಯಾಟರಿ, ಮೇಲೆ ಏಳು ವ್ಯಾಟಿನ ಪುಟ್ಟ ಟ್ಯೂಬು. ಬೇರೆಯಾಗಿ ಒಂದು ಗಾಜಿನ ಪ್ಯಾನೆಲು, ದೊಡ್ಡ ಸ್ಲೇಟಿನಷ್ಟು. ಒಂದು ದಿನ ಬಿಸಿಲು ಕುಡಿದರೆ ನಾಲ್ಕು ಗಂಟೆ ಬೆಳಕು.

"ಲ್ಯಾಂಪಿನಲ್ಲಿ ದೋಷ ಇಲ್ಲ ಮೇಡಂ" ಎಂದರು. "ಜನರಲ್ಲಿ ಉಂಟು. ಗೋರೆಗಾಂವಿಗೆ ಹೋದ ಮೇ ತಿಂಗಳಲ್ಲಿ ಆರು ಕೊಟ್ಟದ್ದು. ಪ್ಯಾನೆಲು ಕದಿಯಬಾರದು ಅಂತ ಕಂಬ ನೆಟ್ಟು, ಆರನ್ನೂ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು ನಾನೇ. ಮಳೆಗಾಲ ಮುಗಿದ ಮೇಲೆ ದೂರು ಶುರು. ಬೆಳಕು ಬರುದಿಲ್ಲ, ಬೆಳಕು ಬರುದಿಲ್ಲ. ನಮ್ಮ ಮೆಕ್ಯಾನಿಕ್ ಹೋಗಿ ಪ್ಯಾನೆಲ್ ಚೆಕ್ ಮಾಡಿದ, ವೋಲ್ಟೇಜ್ ಸರಿ ಉಂಟು. ಹಾಗಾದರೆ ಎಂತದು? ಬ್ಯಾಟರಿಗೆ ಟೇಪ್ ರೆಕಾರ್ಡರ್ ಸಿಕ್ಕಿಸಿ ಖಾಲಿ ಮಾಡ್ತಾರೆ."

"ನೀವು ನೋಡಿದಿರಾ?"

"ಇಲ್ಲ. ಬೇರೆ ಕಾರಣ ಇರ್ಲಿಕ್ಕೆ ಸಾಧ್ಯ ಇಲ್ಲ." ಲಾಟೀನನ್ನು ಮತ್ತೆ ಜೋಡಿಸುತ್ತ ಹೇಳಿದರು: "ನೀವು ನೋಡಿ ಬನ್ನಿ. ನಿಮ್ಮ ರಿಪೋರ್ಟ್ ಬಂದ ಮೇಲೆ ಆ ಆರನ್ನೂ ವಾಪಸು ತೆಗೆದು ಬೇರೆ ಕಡೆ ಕೊಡುವ ಅಂತ ಕಮಿಟಿಯಲ್ಲಿ ಆಗಿದೆ."

ಕೆಳಗಿನ ಹೋಟೆಲಿನಲ್ಲಿ ಅವರೇ ಊಟ ಕೊಡಿಸಿದರು. ಬಾಳೆಎಲೆಯ ಊಟ, ಕೊನೆಯಲ್ಲಿ ಹೆಸರುಬೇಳೆ ಪಾಯಸ. ಅವರು ಮೋಸದ ಮನುಷ್ಯರಲ್ಲ ಎಂದು ಅನ್ನಿಸಿತು. ಅವರ ಮಾತನ್ನು ನಂಬಿಕೊಂಡೇ ನಾನು ಮರುದಿನ ಗೋರೆಗಾಂವಿಗೆ ಹೊರಟೆ.

ಚೆಂಬೂರಿನಿಂದ ಗೋರೆಗಾಂವಿಗೆ ಮೂರು ಲೋಕಲ್ ಹತ್ತಬೇಕು. ಕುರ್ಲಾದವರೆಗೆ ಒಂದು, ಅಲ್ಲಿಂದ ದಾದರ್‌ಗೆ ಇನ್ನೊಂದು, ದಾದರ್‌ನ ಸೇತುವೆ ದಾಟಿ ಪಶ್ಚಿಮ ಲೈನಿನ ಗಾಡಿ. ಒಂದೂಕಾಲು ಗಂಟೆ ಹಿಡಿಯಿತು. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಆಟೋ ಹಿಡಿದೆ. ಫಿಲ್ಮ್ ಸಿಟಿಯ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋದ ಮೇಲೆ ಎಡಕ್ಕೆ ಮಣ್ಣಿನ ದಾರಿ. ಅದರ ಕೊನೆಗೆ ಏಳು ಮಾಳಿಗೆಯ ಒಂದು ಉದ್ದನೆಯ ಕಟ್ಟಡ, ಇನ್ನೂ ಬರಿಯ ಕಾಂಕ್ರೀಟು, ಸುತ್ತ ಬಿದಿರಿನ ಅಟ್ಟಣಿಗೆ. ಅದರ ಬೆನ್ನಿಗೆ, ಉತ್ತರ ಬದಿಯಲ್ಲಿ, ತಗಡು ಮತ್ತು ತಾಡಪಾಲಿನ ನಲವತ್ತು ಗುಡಿಸಲು. ಹನ್ನೊಂದು ಗಂಟೆಯಾಗಿದ್ದರೂ ಗುಡಿಸಲುಗಳ ನಡುವೆ ತಂಪಾಗಿತ್ತು. ಸೆಕೆಯಿಂದ ಬಂದ ನನಗೆ ಅದು ಹಿತವೆನಿಸಿತು.

ಕಂಬ ಸುಲಭವಾಗಿ ಸಿಕ್ಕಿತು. ಮೇಲೆ ಕಬ್ಬಿಣದ ಚೌಕಟ್ಟು. ಆರು ಪ್ಯಾನೆಲುಗಳಿರಬೇಕಾದಲ್ಲಿ ಐದೇ ಇದ್ದವು. ಒಂದರ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು ಮಾತ್ರ. ಕೆಲಸದ ಹೊತ್ತಾದ್ದರಿಂದ ಗುಡಿಸಲುಗಳಲ್ಲಿ ಹೆಚ್ಚು ಜನರಿರಲಿಲ್ಲ. ಒಬ್ಬ ಮುದುಕ ನೆಲದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಆರನೆಯದು ಎಲ್ಲಿ ಎಂದು ಕೇಳಿದೆ. ನನ್ನ ಮುಖ ನೋಡಿದ, ಕೈಯಲ್ಲಿದ್ದ ಫಾರಂ ನೋಡಿದ. "ನನಗ ಗೊತ್ತಿಲ್ರಿ" ಎಂದ. ನಾನು ಪೆನ್ನು ತೆಗೆದು ಮೊದಲ ಪ್ರಶ್ನೆಯ ಎದುರಿಗೆ ಬರೆದೆ: ಇಲ್ಲ. ಒಂದು ಪ್ಯಾನೆಲು ನಾಪತ್ತೆ.

ಊಟದ ಬಿಡುವಿಗೆ ಕೂಲಿಗಾರರು ಕೆಳಗಿಳಿದು ಬಂದರು. ಎಲ್ಲರೂ ಬಿಜಾಪುರ, ಗುಲ್ಬರ್ಗ ಜಿಲ್ಲೆಯವರು. ಕಂಬದ ಹತ್ತಿರ ನಿಂತ ನನ್ನನ್ನು ದೂರದಿಂದ ನೋಡಿ ತಮ್ಮ ತಮ್ಮ ಬಾಗಿಲಿಗೆ ಹೋದರು. ಒಬ್ಬ ಹೆಂಗಸು ಮಾತ್ರ ನೆಟ್ಟಗೆ ನನ್ನ ಬಳಿಗೆ ಬಂದಳು. ಮೂವತ್ತೈದು ವಯಸ್ಸಿರಬಹುದು. ಮುಖ, ಕೈಗಳಿಗೆ ಸಿಮೆಂಟಿನ ಬೂದಿ ಬಣ್ಣ, ತಲೆಯ ಮೇಲೆ ಸಿಂಬೆ ಇನ್ನೂ ಇತ್ತು. ಹೆಸರು ನೀಲವ್ವ, ಊರು ಇಂಡಿ ತಾಲೂಕು.

"ಅಕ್ಕಾರ, ಆಫೀಸಿನಿಂದ ಬಂದೀರೇನ್ರಿ? ಆ ಕಾಗದದಾಗ ಏನ್ ಬರದ್ರಿ?"

ಬರೆದದ್ದನ್ನು ಓದಿ ಹೇಳಿದೆ. ಅವಳು ಸಿಂಬೆಯನ್ನು ತೆಗೆದು ಕೊಡವಿದಳು.

"ನಾಪತ್ತೆ ಅಂದ್ರ ಕಳುವು ಅಂತನ್ರಿ?"

"ಹಾಗೆ ಅಂತ ನಾನು ಬರೆದಿಲ್ಲ."

"ಓದೋವ್ರು ಹಂಗ ಅಂತಾರ್ರಿ" ಎಂದಳು. ಆಮೇಲೆ ದನಿ ತಗ್ಗಿಸಿ, "ನಾಳಿ ಮುಂಜಾನಿ ಎಂಟಕ್ಕ ಮೊದಲ ಬರ್ರಿ. ನಾ ತೋರಸ್ತೀನಿ. ಈಗ ಮುಕಾದಮ ಇಲ್ಲೇ ಅದಾನ" ಎಂದು ಹೊರಟುಹೋದಳು. ಮುಕಾದಮ ಎಂದರೆ ಕೂಲಿಗಾರರನ್ನು ಊರಿನಿಂದ ಕರೆತಂದು ಕೆಲಸ ಮಾಡಿಸುವವನು. ಅವನು ಮರಳಿನ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ.

ಹೋಗುವ ಮೊದಲು ಮಾಡಬೇಕಾದ ಕೆಲಸ ಒಂದಿತ್ತು. ಏಣಿ ತರಿಸಿ ಹತ್ತಿ, ಒಂದು ಪ್ಯಾನೆಲಿನ ತಂತಿಗೆ ಮೀಟರು ಹಿಡಿದೆ. ವೋಲ್ಟೇಜು ಇತ್ತು. ಮಾಟುಂಗದ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಆಮೇಲೆ ಮೀಟರಿನ ಗುಂಡಿ ತಿರುಗಿಸಿ ಕರೆಂಟು ಎಷ್ಟು ಹರಿಯುತ್ತದೆಂದು ನೋಡಿದೆ. ಮುಳ್ಳು ಅಲ್ಲಾಡಿತೇ ಹೊರತು ಏಳಲಿಲ್ಲ. ನಲ್ಲಿಯಲ್ಲಿ ಸದ್ದು ಬಂದು ನೀರು ಬಾರದ ಹಾಗೆ. ಏಣಿಯ ಮೇಲೆ ನಿಂತು ತಲೆಯೆತ್ತಿದೆ. ಸೂರ್ಯ ಇರಬೇಕಾದ ಕಡೆ ಕಟ್ಟಡವಿತ್ತು. ನಾನು, ಏಣಿ, ಕಂಬ, ನಲವತ್ತು ಗುಡಿಸಲು ಎಲ್ಲ ಅದರ ನೆರಳಿನಲ್ಲಿದ್ದೆವು. ಬೆಳಿಗ್ಗೆಯಿಂದ ಹಿತವಾಗಿದ್ದ ಆ ತಂಪಿನ ಅರ್ಥ ನನಗೆ ಆಗ ತಿಳಿಯಿತು. ಹದಿನಾಲ್ಕು ವರ್ಷದಿಂದ ಪಾಠ ಹೇಳುವವಳು ಕಂಬದ ಬುಡದಲ್ಲಿ ಎರಡು ಗಂಟೆ ನಿಂತಿದ್ದೆ, ಮೇಲೆ ನೋಡಿರಲಿಲ್ಲ.

ಮೇ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಪ್ರಭು ಕಂಬ ನೆಟ್ಟಾಗ ಕಟ್ಟಡ ಇನ್ನೂ ಪಾಯದ ಗುಂಡಿಯಾಗಿತ್ತು. ಆಮೇಲೆ ಕಟ್ಟಡ ಏರಿತು, ಚಳಿಗಾಲಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿದ. ಈಗ ಮಧ್ಯಾಹ್ನ ಮೂರರ ಮೇಲೆ, ಪಡುವಣದ ಮೂಲೆಯಿಂದ, ಒಂದೆರಡು ತಾಸು ಮಾತ್ರ ಬಿಸಿಲು ಬೀಳುತ್ತಿತ್ತು.

ಬುಧವಾರ ನಸುಕಿಗೇ ಎದ್ದು ಏಳೂವರೆಗೆ ಅಲ್ಲಿದ್ದೆ. ನೀಲವ್ವ ಗುಡಿಸಲಿನ ಒಳಗಿನಿಂದ ಕಬ್ಬಿಣದ ಬುಟ್ಟಿ ತಂದಳು. ಅದರ ಮೇಲೆ ಗೋಣಿತಾಟು ಮುಚ್ಚಿತ್ತು. ತಾಟನ್ನು ಒಂದು ಬೆರಳಿನಷ್ಟು ಸರಿಸಿದಳು. ಒಳಗೆ ಹಳೆಯ ಸೀರೆಯಲ್ಲಿ ಸುತ್ತಿದ ಪ್ಯಾನೆಲು, ಪಕ್ಕದಲ್ಲಿ ಲಾಟೀನು.

"ಕನ್ನಡಿ ಇಲ್ಲೇ ಐತ್ರಿ. ಮ್ಯಾಲ ನಡೀರಿ."

ಪ್ಯಾನೆಲಿಗೆ ಅವರೆಲ್ಲ ಕನ್ನಡಿ ಎನ್ನುತ್ತಿದ್ದರು, ಲಾಟೀನಿಗೆ ಕಂದೀಲು. ಮೆಟ್ಟಿಲುಗಳಿಗೆ ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ನಾನು ಗೋಡೆಯ ಬದಿಗೆ ಒತ್ತಿಕೊಂಡು, ಕೆಳಗೆ ನೋಡದೆ ಹತ್ತಿದೆ. ನೀಲವ್ವ ಐದಾರು ಕಿಲೋ ತಲೆಯ ಮೇಲಿಟ್ಟುಕೊಂಡು, ಒಂದು ಕೈಯನ್ನೂ ಎತ್ತದೆ, ನನಗಾಗಿ ಪ್ರತಿ ಮಾಳಿಗೆಯಲ್ಲೂ ನಿಲ್ಲುತ್ತ ಹತ್ತಿದಳು. ಏಳನೆಯ ಸ್ಲ್ಯಾಬಿನ ಮೇಲೆ ಬಂದಾಗ ಕಣ್ಣು ಕೋರೈಸಿತು. ಅಷ್ಟು ಬಿಸಿಲು. ನೀರಿನ ಡ್ರಮ್ಮುಗಳ ಹಿಂದೆ ಎರಡು ಇಟ್ಟಿಗೆಗಳ ಮೇಲೆ ಪ್ಯಾನೆಲನ್ನು ಓರೆಯಾಗಿಟ್ಟಳು. ಸ್ಲ್ಯಾಬಿನ ಮೇಲೆ ಇದ್ದಿಲಿನಿಂದ ಮೂರು ಗೆರೆ ಎಳೆದಿದ್ದಳು. ಬಂದ ಕೂಡಲೇ ಮೊದಲನೆಯ ಗೆರೆಗೆ, ಊಟದ ಹೊತ್ತಿಗೆ ಎರಡನೆಯದಕ್ಕೆ, ಚಹಾದ ಹೊತ್ತಿಗೆ ಮೂರನೆಯದಕ್ಕೆ ಅದನ್ನು ತಿರುಗಿಸುತ್ತಿದ್ದಳು. ನಾನು ಮೀಟರು ಹಿಡಿದೆ. ಮುಳ್ಳು ಅರ್ಧಕ್ಕಿಂತ ಮೇಲೆ ಹೋಗಿ ನಿಂತಿತು.

"ಇದು ಬಿಸಿಲಿನ ತೊಂದರೆ ಅಂತ ನಿಮಗೆ ಹೇಗೆ ಗೊತ್ತಾಯಿತು?"

"ಸೀರಿ ಒಣಗಲಿಲ್ರಿ" ಎಂದಳು. "ದೀಪಾವಳಿ ಆದಮ್ಯಾಲ ಹಗ್ಗದ ಮ್ಯಾಲ ಹಾಕಿದ ಸೀರಿ ಸಂಜಿತನಾ ಹಸಿ. ಸೀರಿಗೇ ಸಾಲಲಾರದ ಬಿಸಲು ಕಂದೀಲಿಗೆ ಸಾಲತೈತೇನು? ನಾವ ಕಟ್ಟಿದ ಬಿಲ್ಡಿಂಗ್ ನಮಗ ಅಡ್ಡ ಆತು. ಆಫೀಸಿನವ್ರಿಗೆ ಹೇಳಿದ್ವಿ. ಬಂದಾತ ಮೀಟರ್ ಹಚ್ಚಿ ಎಲ್ಲಾ ಬರೋಬರ್ ಐತಿ ಅಂದ. ನನ್ನ ಗಂಡ ಪಾನಾ ತಂದ, ರಾತ್ರಿ ಬಿಚ್ಚಿದ್ರ ಕಳುವು ಅಂತಾರಂತ ಹಗಲೇ ಬಿಚ್ಚಿದ್ವಿ. ಒಂದ ಬಿಚ್ಚಿದ್ವಿ. ಬುಟ್ಟ್ಯಾಗ ಒಂದ ಹಿಡೀತೈತಿ."

ಪಾನಾ ಎಂದರೆ ಬೋಲ್ಟು ಬಿಚ್ಚುವ ಸ್ಪ್ಯಾನರು. ನೀಲವ್ವನ ಗಂಡ ಹಣಮಂತ ಅದೇ ಸ್ಲ್ಯಾಬಿನಲ್ಲಿ ಸರಳು ಕಟ್ಟುವ ಕೆಲಸದವನು.

ಆ ಒಂದು ಪ್ಯಾನೆಲಿನಿಂದ ದಿನಕ್ಕೆ ಒಂದೇ ಲಾಟೀನು ತುಂಬುತ್ತಿತ್ತು. ಅದನ್ನು ಯಾರ ಮನೆಯಲ್ಲೂ ಇಡುತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಹೆಂಗಸರೆಲ್ಲ ಸೇರಿ ನಾಲೆಯ ಆಚೆಯ ಕುರುಚಲಿಗೆ ಬಹಿರ್ದೆಸೆಗೆ ಹೋಗುವಾಗ ಮುಂದೆ ಒಬ್ಬಳು ಹಿಡಿಯುವುದು, ಬಂದ ಮೇಲೆ ಸಾಲಿನ ನಡುವೆ ತೂಗುಹಾಕಿ ಆ ಬೆಳಕಿನಲ್ಲಿ ನಾಲ್ಕಾರು ಮನೆಯವರು ರೊಟ್ಟಿ ಬಡಿಯುವುದು. ರೇಷನ್ ಕಾರ್ಡು ಯಾರಿಗೂ ಇರಲಿಲ್ಲ. ಸೀಮೆಎಣ್ಣೆ ಹೊರಗೆ ಕೊಳ್ಳಬೇಕು. ಆ ತಿಂಗಳು ಹೊರಗೂ ಸಿಗುತ್ತಿರಲಿಲ್ಲ. ಹೋದ ವರ್ಷ, ದೀಪ ಬರುವ ಮೊದಲು, ಪಕ್ಕದ ಗುಡಿಸಲಿನ ಹುಡುಗಿಯೊಬ್ಬಳ ಕಾಲಿಗೆ ಹಾವು ಕಚ್ಚಿತ್ತು. ಬದುಕಿದಳು, ಆದರೆ ಕಾಲು ಮೊದಲಿನಂತಾಗಲಿಲ್ಲ. ಇದನ್ನೆಲ್ಲ ನೀಲವ್ವ ಕೆಲಸ ಮಾಡುತ್ತಲೇ ಹೇಳಿದಳು. ದೂರುವ ದನಿ ಇರಲಿಲ್ಲ.

"ಮುಕಾದಮನಿಗೆ ತಿಳಿದರೆ?"

"ಬ್ಯಾಡ ಅಂತಾನ್ರಿ. ಸ್ಲ್ಯಾಬ್ ಮ್ಯಾಲ ಸ್ವಂತ ಸಾಮಾನ ಇಡಬಾರದು. ಕೆಲಸದಿಂದ ತಗೀತಾನ." ಬುಟ್ಟಿಗೆ ಕಲಸಿದ ಕಾಂಕ್ರೀಟು ತುಂಬಿಸಿಕೊಳ್ಳುತ್ತ ಅವಳು ಸೇರಿಸಿದಳು: "ಶನಿವಾರ ತನಾ ಹೆಂಗರ ನಡೀಬೇಕ್ರಿ. ಶನಿವಾರ ನಮ್ಮ ಗ್ಯಾಂಗ್ ಮೀರಾ ರೋಡಿಗೆ ಹೊಂಟೈತಿ. ಇಲ್ಲೆ ಗಿಲಾವ ಮಾಡೋವ್ರು ಬರ್ತಾರ."

ಕಾಂಕ್ರೀಟಿನ ಕೆಲಸ ಮುಗಿಯುತ್ತ ಬಂದಿತ್ತು. ಗಿಲಾವು, ಅಂದರೆ ಗೋಡೆಗೆ ಸಿಮೆಂಟು ಬಳಿಯುವ ಕೆಲಸ, ಮಾಡುವ ಬೇರೆ ಗುಂಪು ಇದೇ ಗುಡಿಸಲುಗಳಿಗೆ ಬರಲಿತ್ತು. ದೀಪಗಳನ್ನು ಕೊಟ್ಟದ್ದು ಸ್ಥಳಕ್ಕೆ, ಜನಕ್ಕಲ್ಲ. ನೀಲವ್ವ ಹೋದರೆ ದೀಪ ಇಲ್ಲೇ ನೆರಳಿನಲ್ಲಿ ಉಳಿಯಬೇಕು, ಇಲ್ಲವೇ ಮಾಟುಂಗಕ್ಕೆ ವಾಪಸಾಗಬೇಕು. ಪ್ಯಾನೆಲು ಸಿಕ್ಕಿದ್ದು ಹೇಗೆಂದು ಬರೆದರೆ ಅವಳು ಬೋಲ್ಟು ಬಿಚ್ಚಿದ್ದನ್ನೂ ಬರೆಯಬೇಕು. ಬರೆಯದಿದ್ದರೆ ನಲವತ್ತು ಮನೆಯ ಮೇಲೂ ಕಳ್ಳತನದ ಹೆಸರು. ಮಧ್ಯಾಹ್ನ ಸ್ಟೇಷನ್ನಿನ ಎದುರಿನ ಅಂಗಡಿಯಿಂದ ಮಾಟುಂಗಕ್ಕೆ ಫೋನು ಮಾಡಿದೆ. ಏನನ್ನೂ ವಿವರಿಸಲಿಲ್ಲ. "ನೀವೇ ಒಮ್ಮೆ ಬಂದು ನೋಡಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ಬನ್ನಿ" ಎಂದೆ. ನೀಲವ್ವನಿಗೂ ತಿಳಿಸಿಯೇ ಮಾಡಿದ್ದೆ. "ಬರ್ಲಿ ಬಿಡ್ರಿ. ಬಚ್ಚಿಟ್ಟು ಸಾಕಾಗೈತಿ" ಎಂದಿದ್ದಳು.

ಗುರುವಾರ ಪ್ರಭು ಬಂದರು. ಕಂಬ ನೋಡಿದ ಕೂಡಲೇ ಅವರ ಮುಖ ಗಂಟಾಯಿತು. "ಮಾರಿಯಾಯ್ತು ಅಲ್ವ ಒಂದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಮುಂದೆ ಬಂದಳು. "ಮಾರಿಲ್ರಿ ಸಾಹೇಬ್ರ. ನಾ ಬಿಚ್ಚೀನಿ. ಮ್ಯಾಲ ಐತಿ. ಹತ್ತೂದಾದ್ರ ತೋರಸ್ತೀನಿ."

ಅವರು ಹತ್ತಿದರು. ಐದನೆಯ ಮಾಳಿಗೆಯಲ್ಲಿ ಗೋಡೆಗೊರಗಿ ನಿಂತು ದಣಿವಾರಿಸಿಕೊಂಡರು. ಮೇಲೆ ಬಂದು ಇದ್ದಿಲಿನ ಗೆರೆಗಳನ್ನು, ಇಟ್ಟಿಗೆಗಳನ್ನು, ಪ್ಯಾನೆಲನ್ನು ನೋಡಿದರು. ಆಮೇಲೆ ಉತ್ತರದ ಅಂಚಿಗೆ ಹೋಗಿ ಕೆಳಗೆ ಬಗ್ಗಿದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಕಟ್ಟಡದ ನೆರಳು ಗುಡಿಸಲುಗಳ ಮೇಲೆ ಕತ್ತರಿಸಿ ಹಾಸಿದ ಕಪ್ಪು ಬಟ್ಟೆಯಂತೆ ಬಿದ್ದಿತ್ತು. ಅದರ ನಡುವೆ ಅವರ ಕಂಬ. ಐದು ಪ್ಯಾನೆಲುಗಳು ಮುಖ ಮೇಲೆ ಮಾಡಿಕೊಂಡು ಕಟ್ಟಡದ ಬೆನ್ನನ್ನು ನೋಡುತ್ತಿದ್ದವು.

ಪ್ರಭು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಮೇ ತಿಂಗಳು" ಎಂದರು. "ನಾನು ಮೇ ತಿಂಗಳಲ್ಲಿ ಬಂದದ್ದು. ಆಮೇಲೆ ಒಮ್ಮೆಯೂ ಬರ್ಲಿಲ್ಲ."

ಅಷ್ಟರಲ್ಲಿ ಮುಕಾದಮ ಹತ್ತಿ ಬಂದ. ಯಾರಿವರು, ಇಲ್ಲಿ ಏನು ಎಂದು ಹಿಂದಿಯಲ್ಲಿ ಜೋರು ಮಾಡಿದ. ನೀಲವ್ವ ತಲೆ ತಗ್ಗಿಸಲಿಲ್ಲ, ಆದರೆ ಅವಳ ಕೈ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಪ್ರಭು ಅವನ ಕಡೆ ತಿರುಗಿ ಶಾಂತವಾಗಿ ಹೇಳಿದರು: "ಯೇ ಹಮಾರಾ ಕಾಮ್ ಹೈ. ಮೈನೇ ರಖವಾಯಾ." ಇದು ನಮ್ಮ ಕೆಲಸ, ನಾನೇ ಇಡಿಸಿದ್ದು. ಮುಕಾದಮ ಅವರ ಇಸ್ತ್ರಿ ಶರ್ಟನ್ನು, ನನ್ನ ಮೀಟರನ್ನು ನೋಡಿ ಗೊಣಗುತ್ತ ಇಳಿದುಹೋದ. ಹಗ್ಗ ಹೊಸೆಯುತ್ತಿದ್ದ ಮುದುಕನ ಮಾತು ಬಿಟ್ಟರೆ ನಾನು ಆ ವಾರದಲ್ಲಿ ಕೇಳಿದ ಒಂದೇ ಸುಳ್ಳು ಅದು.

ಕೆಳಗೆ ಬಂದ ಮೇಲೆ ಶನಿವಾರದ ಮಾತು ಬಂತು. ಪ್ರಭು ತಲೆ ಕೆರೆದುಕೊಂಡರು. "ಎಂತ ಮಾಡುದು? ಸ್ಥಳ ಬಿಟ್ಟು ಕೊಡ್ಲಿಕ್ಕಿಲ್ಲ ಅಂತ ರೂಲ್ ಉಂಟು. ಹೊಸದಾಗಿ ಬರುವವರಿಗೂ ಬೇಡವಾ?"

"ಅವ್ರಿಗೂ ಬೇಕ್ರಿ" ಎಂದಳು ನೀಲವ್ವ. "ಅವ್ರೂ ಕತ್ತಲ್ಯಾಗ ಏಳೋ ಮಂದಿನ. ಮೂರು ಅವ್ರಿಗೆ ಇರ್ಲಿ, ಮೂರು ನಾವು ಒಯ್ತೀವಿ. ಕನ್ನಡಿ ಮಾತ್ರ ಕಂಬಕ್ಕ ಹಾಕಬ್ಯಾಡ್ರಿ. ಕೈಗೆ ಕೊಡ್ರಿ. ಕಟ್ಟಡ ಏರತಾವ, ನಾವೂ ಊರೂರು ತಿರಗತೀವಿ. ಕಂಬಕ್ಕ ಕಾಲಿಲ್ಲ."

ಪ್ರಭು ನನ್ನ ಕಡೆ ನೋಡಿದರು. ಅವರು ಹಣಮಂತನನ್ನು ಕರೆದು ಪಾನಾ ಕೇಳಿದರು. ಏಣಿಯ ಮೇಲೆ ತಾವೇ ಹತ್ತಿ ಐದು ಪ್ಯಾನೆಲುಗಳನ್ನೂ ಬಿಚ್ಚಿದರು. ಇಪ್ಪತ್ತು ಬೋಲ್ಟುಗಳಲ್ಲಿ ಕೆಲವು ತುಕ್ಕು ಹಿಡಿದಿದ್ದರಿಂದ ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಆಮೇಲೆ ಚೀಲದಿಂದ ಕಚೇರಿಯ ಪುಸ್ತಕ ತೆಗೆದು, ಮೂರು ದೀಪಗಳ ಸಾಲಿನಲ್ಲಿ ಸ್ಥಳ ಎಂದಿದ್ದ ಕಡೆ ಗೀಟು ಹಾಕಿ, ಅಲ್ಲಿ ನೀಲವ್ವನ ಹೆಸರು ಬರೆದರು. ಅವಳು ಮೂರನೆಯ ತರಗತಿಯವರೆಗೆ ಓದಿದ್ದಳು. ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಇಡೀ ಪುಟದಲ್ಲಿ ಕನ್ನಡದ ಬರಹ ಅದೊಂದೇ.

"ಕಮಿಟಿಯವರು ಕೇಳಿದರೆ?" ಎಂದೆ ಸ್ಟೇಷನ್ನಿಗೆ ಹಿಂತಿರುಗುವಾಗ.

"ಏಳು ಮಾಳಿಗೆ ಹತ್ತಿಸ್ತೇನೆ" ಎಂದರು ಪ್ರಭು.

ಶುಕ್ರವಾರ ಚೆಂಬೂರಿನ ಮನೆಯಲ್ಲೇ ಕೂತು ವರದಿ ಬರೆದೆ. ಮೊದಲ ಪ್ರಶ್ನೆಯ ಎದುರಿಗೆ ಬರೆದಿದ್ದನ್ನು ಹೊಡೆದುಹಾಕಿದೆ. ಹೊಸ ಫಾರಂ ಕೇಳಬಹುದಿತ್ತು, ಕೇಳಲಿಲ್ಲ. ಹೊಡೆದುಹಾಕಿದ್ದು ಕಾಣಲಿ ಎಂದು ಬಿಟ್ಟೆ. ಪಕ್ಕದಲ್ಲಿ ಬರೆದೆ: ಪ್ರಶ್ನೆ ತಪ್ಪಾಗಿದೆ. ಉಪಕರಣ ಎಲ್ಲಿದೆ ಎಂದು ಕೇಳುವ ಬದಲು ಬಿಸಿಲು ಎಲ್ಲಿದೆ, ಅಲ್ಲಿಗೆ ಹೋಗುವ ಹಕ್ಕು ಯಾರಿಗಿದೆ ಎಂದು ಕೇಳಬೇಕು. ವಿಮಲಾ ಅತ್ತಿಗೆ ಅದನ್ನು ಓದಿ, "ನಮ್ಮ ಸೆಕ್ರೆಟರಿಗೂ ಒಂದು ಪ್ರತಿ ಕೊಡು" ಎಂದರು.

ಆ ವರದಿಯಿಂದ ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಮುಂಬಯಿಯ ಕಮಿಟಿ ನಿಯಮ ಬದಲಿಸಲಿಲ್ಲ. ಪ್ರಭು ಬರೆದದ್ದನ್ನು ಅಳಿಸಲೂ ಇಲ್ಲ. ನಮ್ಮ ಸಂಸ್ಥೆಯವರು ಆ ವರ್ಷ ಹನ್ನೆರಡು ಲಾಟೀನು ಕೊಂಡರು, ಕಂಬಗಳನ್ನು ಕೊಳ್ಳಲಿಲ್ಲ. ಹಾಡಿಗಳಲ್ಲಿ ಮರದ ನೆರಳು ತಿಂಗಳಿಗೊಂದು ಕಡೆ ಬೀಳುತ್ತದೆ. ಪ್ಯಾನೆಲುಗಳಿಗೆ ಹಿಡಿ ಹಾಕಿಸಿ ಹೆಂಗಸರ ಕೈಗೆ ಕೊಟ್ಟೆವು. ಕೆಲವು ಕೆಟ್ಟವು, ಕೆಲವು ಹಲವು ವರ್ಷ ಉರಿದವು.

ನನ್ನ ಗಾಡಿ ಭಾನುವಾರ ಬೆಳಿಗ್ಗೆ. ಶನಿವಾರ ಕೆಲಸವೇನೂ ಇರಲಿಲ್ಲ. ಆದರೂ ಮೂರು ಲೋಕಲ್ ಹತ್ತಿ ಗೋರೆಗಾಂವಿಗೆ ಹೋದೆ. ಒಂಬತ್ತು ಗಂಟೆಗೆ ಮಣ್ಣಿನ ದಾರಿಯಲ್ಲಿ ಲಾರಿ ನಿಂತಿತ್ತು. ತಗಡು, ಬಿದಿರು, ಪಾತ್ರೆ, ಒಲೆಯ ಕಲ್ಲು, ಎರಡು ಮೇಕೆ ಎಲ್ಲ ಅದರಲ್ಲಿದ್ದವು. ಗಿಲಾವಿನ ಗುಂಪು ಆಗಲೇ ಬಂದಿತ್ತು. ಅವರಲ್ಲಿ ಒಬ್ಬ ಹೆಂಗಸಿಗೆ ನೀಲವ್ವ ಪ್ಯಾನೆಲಿನ ತಂತಿಯನ್ನು ಲಾಟೀನಿಗೆ ಸಿಕ್ಕಿಸಿ ತೋರಿಸುತ್ತಿದ್ದಳು. ಆ ಹೆಂಗಸು ತೆಲುಗಿನವಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿ, ಮೇಲಿನ ಸ್ಲ್ಯಾಬನ್ನು ಕೈಯಿಂದ ತೋರಿಸಿ, ಒಬ್ಬರಿಗೊಬ್ಬರು ಅರ್ಥ ಮಾಡಿಕೊಂಡಂತೆ ತಲೆಯಾಡಿಸಿದರು.

"ಮತ್ತ ಬರ್ರಿ ಅಕ್ಕಾರ, ಮೀರಾ ರೋಡಿಗೆ" ಎಂದಳು ನನಗೆ.

"ಅಲ್ಲಿ ಎಷ್ಟು ಮಾಳಿಗೆ?"

"ಗೊತ್ತಿಲ್ರಿ. ಇನ್ನೂ ತೆಗ್ಗು ತೋಡಿಲ್ಲಂತ" ಎಂದು ನಕ್ಕು ಲಾರಿ ಹತ್ತಿದಳು.

ಸಾಮಾನಿನ ರಾಶಿಯ ಮೇಲೆ, ಮಡಿಸಿದ ತಾಡಪಾಲಿಗೆ ಆನಿಸಿ, ಮೂರು ಪ್ಯಾನೆಲುಗಳನ್ನು ಸೀರೆಯಿಂದ ಕಟ್ಟಿದ್ದಳು. ಮೂರರ ತಂತಿಯೂ ಕೆಳಗಿದ್ದ ಮೂರು ಲಾಟೀನುಗಳಿಗೆ ಸೇರಿತ್ತು. ಲಾರಿ ಮಣ್ಣಿನ ದಾರಿ ದಾಟಿ ರಸ್ತೆಗೆ ಬಿತ್ತು. ನಾನು ಆಟೋದಲ್ಲಿ ಅದರ ಹಿಂದೆಯೇ ಹೆದ್ದಾರಿಯವರೆಗೆ ಬಂದೆ. ಅಲ್ಲಿಯವರೆಗೆ ಬಿಸಿಲು ಲಾರಿಯ ಬೆನ್ನಿಗಿತ್ತು. ಹೆದ್ದಾರಿಯಲ್ಲಿ ಅದು ಉತ್ತರಕ್ಕೆ ಹೊರಳಿದಾಗ ಬಿಸಿಲು ಬಲಗಡೆಗೆ ಬಂತು. ನೀಲವ್ವ ಎದ್ದು, ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡು, ಇನ್ನೊಂದು ಕೈಯಿಂದ ಪ್ಯಾನೆಲುಗಳ ಕಟ್ಟನ್ನು ಬಲಕ್ಕೆ ತಿರುಗಿಸಿ ಮತ್ತೆ ಕೂತಳು.